ಯಂತ್ರ ಎಲ್ಲವನ್ನೂ ಕಟ್ಟಿತು, ನನ್ನ ಹೆಸರೊಂದನ್ನು ಬಿಟ್ಟು

ಫೋನ್‌ನಲ್ಲಿ 'ಸಿಸ್ಟಮ್ ಅಪ್‌ಡೇಟ್ ಸಿದ್ಧವಾಗಿದೆ, ರೀಸ್ಟಾರ್ಟ್ ಮಾಡಿ' ಅಂತ ಬಂದರೆ ನಾವೆಲ್ಲ ಏನ್ ಮಾಡ್ತೀವಿ? 'ನಂತರ' ಅಂತ ಒತ್ತಿ ರೀಲ್ಸ್ ನೋಡೋಕೆ ಹೋಗ್ತೀವಿ. ಯಾವತ್ತೋ ಒಂದು ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿದಾಗ ಅದು ಆಗಿಹೋಗಿರುತ್ತೆ. ಬೆಳಗ್ಗೆ ಎದ್ದು ನೋಡಿದರೆ ಐಕಾನ್‌ಗಳು ಒಂಚೂರು ದುಂಡಗಾಗಿರುತ್ತವೆ, ಅಷ್ಟೇ.

ಇದೇ ಕೆಲಸವನ್ನ ನಾನು ಒಮ್ಮೆ ಕೈಯಾರೆ ಮಾಡಿದೆ. 2021ರ ಬೇಸಿಗೆ, ಎಲ್ಲರೂ ಮನೆಯಲ್ಲೇ ಕೂತಿದ್ದ ಕಾಲ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಫ್ರೀಬಿಎಸ್‌ಡಿ 12 ಇತ್ತು. ಆ ಏಪ್ರಿಲ್‌ನಲ್ಲಿ 13 ಬಂತು. ಸೋರ್ಸ್ ಕೋಡ್ ತಂದು ಇಡೀ ಆಪರೇಟಿಂಗ್ ಸಿಸ್ಟಮ್ಮನ್ನೇ ಮನೆಯಲ್ಲಿ ಕಟ್ಟಿಬಿಡೋಣ ಅಂತ ಹೊರಟೆ.

ಫ್ರೀಬಿಎಸ್‌ಡಿ ಹೆಸರೇ ಕೇಳಿಲ್ಲ ಅಂದರೆ ನಿಮ್ಮ ತಪ್ಪೇನಲ್ಲ. ಆದರೆ ನೀವು ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ನೋಡಿದ್ದರೆ ಅದು ನಿಮ್ಮ ಫೋನಿಗೆ ಹರಿದು ಬಂದದ್ದು ಫ್ರೀಬಿಎಸ್‌ಡಿ ಓಡುವ ಸರ್ವರ್‌ನಿಂದ. ಪ್ಲೇಸ್ಟೇಷನ್ 4ರ ಒಳಗಿನ ಸಿಸ್ಟಮ್ ಕೂಡ ಇದರ ಮೇಲೇ ಕಟ್ಟಿದ್ದು. ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಬೆಳೆದ ಯೂನಿಕ್ಸ್‌ನ ವಂಶದ ಕೂಸು, 1993ರಿಂದ ಇದೆ. ಲಿನಕ್ಸ್ ಅಂದರೆ ನಿಜಕ್ಕೂ ಕರ್ನಲ್ ಮಾತ್ರ, ಮಿಕ್ಕಿದ್ದು ಬೇರೆ ಬೇರೆ ಕಡೆಯಿಂದ ಬಂದು ಸೇರುತ್ತೆ. ಇಲ್ಲಿ ಹಾಗಲ್ಲ. ಕರ್ನಲ್, ಕಂಪೈಲರ್, ಫೈಲ್ ಪಟ್ಟಿ ತೋರಿಸುವ ಪುಟ್ಟ ಕಮಾಂಡ್ ತನಕ ಎಲ್ಲದರ ಸೋರ್ಸೂ ಒಂದೇ ಫೋಲ್ಡರ್‌ನಲ್ಲಿ. ಅದಕ್ಕೇ ಕಟ್ಟುವ ಕಮಾಂಡಿಗೆ 'ಮೇಕ್ ಬಿಲ್ಡ್‌ವರ್ಲ್ಡ್' ಅಂತ ಹೆಸರು. ಜಗತ್ತನ್ನು ಕಟ್ಟು! ರಾತ್ರಿ ಹತ್ತು ಗಂಟೆಗೆ ಲುಂಗಿ ಉಟ್ಟುಕೊಂಡು ಇಂಥದ್ದೊಂದು ಆಜ್ಞೆ ಕೊಡೋದರಲ್ಲಿ ಸಿಗೋ ಸುಖ ಆಫೀಸಿನಲ್ಲಿ ಸಿಗೋದಿಲ್ಲ.

ಇದರ ಅಗತ್ಯ ಇತ್ತಾ? ಖಂಡಿತ ಇರಲಿಲ್ಲ. ರೆಡಿಮೇಡ್ ಅಪ್‌ಡೇಟ್ ತರೋಕೆ ಫ್ರೀಬಿಎಸ್‌ಡಿಯಲ್ಲೇ ಬೇರೆ ಕಮಾಂಡ್ ಇದೆ, ನಾಲ್ಕೈದು ಸಾಲು ಟೈಪ್ ಮಾಡಿದರೆ ಮುಗೀತು. ಹೆಂಡತಿಯೂ ಅದನ್ನೇ ಕೇಳಿದಳು. ಹೋಟೆಲ್ ಪಕ್ಕದಲ್ಲೇ ಇದ್ದರೂ ಭಾನುವಾರ ದೋಸೆಗೆ ಅಕ್ಕಿ ನೆನೆಹಾಕಲ್ವಾ ಅಂದೆ. ನೀನು ಯಾವತ್ತು ನೆನೆಹಾಕಿದ್ದೀಯ ಅಂದಳು.

ಕಟ್ಟುವ ವಿಧಾನ ಮಾತ್ರ ಬಹಳ ಚಂದ. ಮೊದಲು ಈಗಿರೋ ಹಳೇ ಕಂಪೈಲರ್ ಬಳಸಿ ಹೊಸ ಕಂಪೈಲರನ್ನು ತಯಾರಿಸುತ್ತೆ. ಆಮೇಲೆ ಆ ಹೊಸದರಿಂದ ಉಳಿದದ್ದನ್ನೆಲ್ಲ ಕಟ್ಟುತ್ತೆ. ಇಷ್ಟೂ ನಡೆಯೋದು ಒಂದು ಪ್ರತ್ಯೇಕ ಫೋಲ್ಡರ್‌ನಲ್ಲಿ. ಓಡ್ತಾ ಇರೋ ಸಿಸ್ಟಮ್ಮಿನ ಒಂದು ಫೈಲನ್ನೂ ಮುಟ್ಟೋದಿಲ್ಲ. ಈಗಿನ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲೂ ಇದರದೇ ತಮ್ಮನಂಥ ಏರ್ಪಾಡಿದೆ: ನೀವು ರೀಲ್ಸ್ ನೋಡ್ತಿರುವಾಗ ಹೊಸ ಸಿಸ್ಟಮ್ ಖಾಲಿ ಇರೋ ಇನ್ನೊಂದು ಭಾಗಕ್ಕೆ ಇಳಿದಿರುತ್ತೆ, ರೀಸ್ಟಾರ್ಟ್ ಅಂದರೆ ಈ ಭಾಗ ಬಿಟ್ಟು ಆ ಭಾಗಕ್ಕೆ ದಾಟೋದು.

ನನ್ನ ಲ್ಯಾಪ್‌ಟಾಪ್ ಎರಡು ಕೋರಿನ ಮುದುಕ. ಬ್ಯಾಟರಿ ಇಪ್ಪತ್ತು ನಿಮಿಷ ಬಂದರೆ ಪುಣ್ಯ. ಕರೆಂಟ್ ಹೋಗದಿರಲಪ್ಪಾ ಅಂತ ಬೇಡಿಕೊಂಡು ಮಲಗಿದೆ. ಬೆಳಗ್ಗೆ ಏಳಕ್ಕೆ ನೋಡಿದರೆ ಮುಗಿದಿತ್ತು. ಆ ಹೊತ್ತಲ್ಲಿ ದೊಡ್ಡ ಪಾಲು ತಿಂದದ್ದು ಕ್ಲ್ಯಾಂಗ್ ಅನ್ನೋ ಕಂಪೈಲರ್ ಒಂದೇ. ಕಾಫಿ ಕುಡಿಯೋಷ್ಟರಲ್ಲಿ ಕರ್ನಲ್ ಕಟ್ಟೋದಕ್ಕೂ ಹಚ್ಚಿದೆ.

ಇನ್ನು ಕೂರಿಸೋದು. ಇಲ್ಲಿ ಕ್ರಮ ತಪ್ಪುವ ಹಾಗಿಲ್ಲ. ಮೊದಲು ಹೊಸ ಕರ್ನಲ್, ರೀಬೂಟ್, ಆಮೇಲೆ ಮಿಕ್ಕ ಪ್ರೋಗ್ರಾಮ್‌ಗಳು. ಯಾಕಂದರೆ ಹೊಸ ಕರ್ನಲ್ ಹಳೇ ಪ್ರೋಗ್ರಾಮ್‌ಗಳ ಮಾತನ್ನು ಅರ್ಥ ಮಾಡಿಕೊಳ್ಳುತ್ತೆ. ಹೊಸ ಪ್ರೋಗ್ರಾಮ್ ಕೇಳೋದು ಹಳೇ ಕರ್ನಲ್‌ಗೆ ಗೊತ್ತೇ ಇಲ್ಲದಿರಬಹುದು. ಹೊಸ ಕರ್ನಲ್ ಏಳದಿದ್ದರೂ ಹಳೆಯದು 'ಕರ್ನಲ್ ಡಾಟ್ ಓಲ್ಡ್' ಅನ್ನೋ ಹೆಸರಲ್ಲಿ ಪಕ್ಕದಲ್ಲೇ ಕೂತಿರುತ್ತೆ, ಬೂಟ್ ಮೆನುವಿನಲ್ಲಿ ಅದನ್ನು ಆರಿಸಿಕೊಂಡು ವಾಪಸ್ ಬರಬಹುದು. ನನಗೆ ಅದರ ಅಗತ್ಯ ಬೀಳಲಿಲ್ಲ. ಇಷ್ಟು ಹೊತ್ತಿಗೆ ನಾನು ಕಾಲರ್ ಏರಿಸಿಕೊಂಡಿದ್ದೆ.

ಉಳಿದದ್ದು 'ಇಟಿಸಿ' ಅನ್ನೋ ಫೋಲ್ಡರ್. ನಿಮ್ಮ ಮೆಷಿನ್ ನಿಮ್ಮದು ಅಂತ ಹೇಳೋ ಸಂಗತಿಗಳೆಲ್ಲ ಇರೋದು ಅಲ್ಲಿ: ಅದರ ಹೆಸರು, ಅದರಲ್ಲಿ ಯಾರಿಗೆಲ್ಲ ಖಾತೆ ಇದೆ, ಅವರ ಪಾಸ್‌ವರ್ಡ್, ಆನ್ ಆದಾಗ ಏನೇನು ಶುರುವಾಗಬೇಕು. ಹೊಸ ಆವೃತ್ತಿ ಈ ಫೈಲ್‌ಗಳಿಗೂ ತನ್ನದೇ ಹೊಸ ರೂಪ ತರುತ್ತೆ. ಹಳೆಯದರಲ್ಲಿ ನಾವು ಕೈಯಾರೆ ತಿದ್ದಿದ್ದೂ ಉಳಿಯಬೇಕು, ಹೊಸದರಲ್ಲಿ ಅವರು ತಿದ್ದಿದ್ದೂ ಬರಬೇಕು. ಆ ಹೊಂದಾಣಿಕೆಗೆ ನಾನು ಬಳಸಿದ್ದು ಹಳೇ ನೋಟ್ಸಿನಲ್ಲಿ ಬರೆದಿಟ್ಟಿದ್ದ 'ಮರ್ಜ್‌ಮಾಸ್ಟರ್'.

ಅದು ಒಂದೊಂದೇ ಫೈಲನ್ನು ತೋರಿಸಿ ಕೇಳುತ್ತೆ: ನಿಮ್ಮದನ್ನೇ ಇಟ್ಟುಕೊಳ್ಳಲಾ, ಹೊಸದನ್ನು ಹಾಕಲಾ, ಎರಡನ್ನೂ ಬೆರೆಸಲಾ? ಹೊಸದಕ್ಕೆ ಐ ಅಕ್ಷರ ಒತ್ತಬೇಕು. ಮೊದಲ ಹತ್ತು ಫೈಲ್‌ಗಳನ್ನು ಪರೀಕ್ಷೆ ಪತ್ರಿಕೆ ತಿದ್ದುವ ಮೇಷ್ಟ್ರ ಥರ ಓದಿದೆ. ಹೆಚ್ಚಿನವಲ್ಲಿ ಬದಲಾಗಿದ್ದದ್ದು ಮೇಲಿನ ಆವೃತ್ತಿಯ ಸಾಲು ಮಾತ್ರ. ಐ. ಐ. ಐ. ಮೂವತ್ತನೇ ಫೈಲ್ ಹೊತ್ತಿಗೆ ಕಣ್ಣು ಪರದೆ ಮೇಲಿತ್ತು, ಮನಸ್ಸು ಒಂಬತ್ತೂವರೆಯ ಮೀಟಿಂಗ್ ಮೇಲಿತ್ತು. ಬೆರಳು ಮಾತ್ರ ಒತ್ತುತ್ತಿತ್ತು. ಐ. ಐ.

ಹಾಗೆ ಒತ್ತುತ್ತಾ ಪಾಸ್‌ವರ್ಡ್ ಫೈಲಿಗೂ ಒತ್ತಿದೆ. ಗ್ರೂಪ್ ಫೈಲಿಗೂ ಒತ್ತಿದೆ.

ರೀಬೂಟ್ ಆಯ್ತು, ಫ್ರೀಬಿಎಸ್‌ಡಿ 13 ಅಂತ ಬಂತು. ಹೆಸರು, ಪಾಸ್‌ವರ್ಡ್ ಹಾಕಿದೆ. 'ಲಾಗಿನ್ ಇನ್‌ಕರೆಕ್ಟ್'. ಇನ್ನೊಮ್ಮೆ ನಿಧಾನಕ್ಕೆ ಹಾಕಿದೆ. ಊಹೂಂ. ನಾನು ಅನ್ನೋನು ಆ ಮೆಷಿನ್‌ನಲ್ಲಿ ಇರಲೇ ಇಲ್ಲ. ಕೊನೆಗೆ ಅನುಮಾನದಲ್ಲೇ 'ರೂಟ್' ಅಂತ ಹಾಕಿದೆ. ಪಾಸ್‌ವರ್ಡ್ ಕೂಡ ಕೇಳದೆ ಬಾಗಿಲು ತೆರೆದುಕೊಂಡಿತು! ಹೊಸದಾಗಿ ಬರೋ ಪಾಸ್‌ವರ್ಡ್ ಫೈಲ್‌ನಲ್ಲಿ ರೂಟ್‌ಗೆ ಪಾಸ್‌ವರ್ಡ್ ಇರೋದಿಲ್ಲ. ಯಜಮಾನನಿಗೆ ಬೀಗ ಬಿದ್ದಿದೆ, ಊರಿಗೆಲ್ಲ ಬಾಗಿಲು ತೆಗೆದಿದೆ.

ಒಳಗೆ ಹೋಗಿ ನೋಡಿದರೆ ಫೋಟೋ, ಕಾಗದಪತ್ರ ಎಲ್ಲ ಹಾಗೇ ಇದ್ದವು. ಆದರೆ ಪ್ರತಿ ಫೈಲಿನ ಮುಂದೆ ಮಾಲೀಕ ಅನ್ನೋ ಜಾಗದಲ್ಲಿ ನನ್ನ ಹೆಸರಿನ ಬದಲು 1001 ಅಂತಿತ್ತು. ಡಿಸ್ಕಿನಲ್ಲಿ ಇರೋದು ಯಾವಾಗಲೂ ನಂಬರ್ ಮಾತ್ರ. 1001 ಅಂದರೆ ಇಂಥವನು ಅಂತ ಹೇಳೋದು ಆ ಪಾಸ್‌ವರ್ಡ್ ಫೈಲಿನ ಒಂದು ಸಾಲು. ಆ ಸಾಲು ಹೋಗಿತ್ತು. ರಾತ್ರಿಯೆಲ್ಲ ಕೂತು ಲಕ್ಷಾಂತರ ಸಾಲಿನ ಕೋಡನ್ನು ಮತ್ತೆ ಕಟ್ಟಿದ ಯಂತ್ರಕ್ಕೆ ಇದೊಂದು ಸಾಲು ಕಟ್ಟೋಕಾಗಲ್ಲ, ಯಾಕಂದರೆ ಅದು ಯಾವ ಸೋರ್ಸ್‌ನಲ್ಲೂ ಇಲ್ಲ. ಅದನ್ನು ಹಾಕಿದ್ದು ನಾನು.

ಆಮೇಲೆ ನೆನಪಾಯ್ತು. ಫ್ರೀಬಿಎಸ್‌ಡಿ ಪ್ರತಿ ರಾತ್ರಿ 3 ಗಂಟೆ 1 ನಿಮಿಷಕ್ಕೆ ಒಂದಷ್ಟು ಮನೆಗೆಲಸ ಮಾಡಿಕೊಳ್ಳುತ್ತೆ. ಪಾಸ್‌ವರ್ಡ್ ಫೈಲು, ಗ್ರೂಪ್ ಫೈಲು ಎರಡರ ಪ್ರತಿ ತೆಗೆದು 'ಬ್ಯಾಕಪ್ಸ್' ಫೋಲ್ಡರ್‌ನಲ್ಲಿ ಇಡೋದೂ ಅದರಲ್ಲಿ ಸೇರಿದೆ. ನನ್ನ ಲ್ಯಾಪ್‌ಟಾಪ್ ರಾತ್ರಿ ಮೂರಕ್ಕೆ ಆನ್ ಇದ್ದದ್ದೇ ಇಲ್ಲ. ಆವತ್ತೊಂದು ರಾತ್ರಿ ಮಾತ್ರ ಇತ್ತು, ಜಗತ್ತು ಕಟ್ತಾ ಇತ್ತಲ್ಲ! ಪ್ರತಿ ಅಲ್ಲೇ ಇತ್ತು. ಎರಡೂ ಫೈಲನ್ನು ವಾಪಸ್ ಹಾಕಿ, ಪಾಸ್‌ವರ್ಡ್ ಡೇಟಾಬೇಸ್ ಮತ್ತೆ ಕಟ್ಟುವ ಕಮಾಂಡ್ ಕೊಟ್ಟೆ. 1001 ಮತ್ತೆ ನಾನಾದೆ. ಮೀಟಿಂಗಿಗೆ ಹತ್ತು ನಿಮಿಷ ಲೇಟು. ನೆಟ್‌ವರ್ಕ್ ಪ್ರಾಬ್ಲಮ್ ಅಂದೆ.

ಫ್ರೀಬಿಎಸ್‌ಡಿ ಕೈಪಿಡಿ ಈಗ ಮರ್ಜ್‌ಮಾಸ್ಟರ್ ಬದಲು 'ಇಟಿಸಿಅಪ್‌ಡೇಟ್' ಬಳಸಿ ಅನ್ನುತ್ತೆ. ವ್ಯತ್ಯಾಸ ಸಣ್ಣದು, ಪರಿಣಾಮ ದೊಡ್ಡದು. ಮರ್ಜ್‌ಮಾಸ್ಟರ್ ಎರಡನ್ನು ಮಾತ್ರ ಹೋಲಿಸುತ್ತಿತ್ತು: ನಿಮ್ಮ ಫೈಲು, ಅವರ ಹೊಸ ಫೈಲು. ಎರಡೂ ಬೇರೆ ಇವೆ ಅಂತ ಗೊತ್ತಾಗುತ್ತೆ, ಬದಲಾಯಿಸಿದ್ದು ಯಾರು ಅಂತ ಗೊತ್ತಾಗಲ್ಲ. ಇಟಿಸಿಅಪ್‌ಡೇಟ್ ಮೂರನೆಯದೊಂದನ್ನು ಇಟ್ಟುಕೊಂಡಿರುತ್ತೆ: ಹಿಂದಿನ ಆವೃತ್ತಿಯ ಜೊತೆ ಬಂದಿದ್ದ, ಯಾರೂ ಮುಟ್ಟದ ಪ್ರತಿ. ಅದರ ಪಕ್ಕ ಇಟ್ಟು ನೋಡಿದರೆ ಈ ಸಾಲು ನೀವು ತಿದ್ದಿದ್ದು, ಆ ಸಾಲು ಅವರು ತಿದ್ದಿದ್ದು ಅಂತ ತಿಳಿಯುತ್ತೆ. ಎರಡನ್ನೂ ತಾನೇ ಸೇರಿಸುತ್ತೆ. ಒಂದೇ ಸಾಲನ್ನು ಇಬ್ಬರೂ ತಿದ್ದಿದ್ದರೆ ಮಾತ್ರ ನಿಮ್ಮನ್ನು ಕರೆಯುತ್ತೆ. ಆಫೀಸಿನಲ್ಲಿ ಗಿಟ್ ಬಳಸೋರಿಗೆ ಇದು ಹೊಸದಲ್ಲ.

ಆಮೇಲೂ ಎರಡು ಸಲ ಸೋರ್ಸ್‌ನಿಂದಲೇ ಕಟ್ಟಿದ್ದೀನಿ. ರಾತ್ರಿ ಹತ್ತಕ್ಕೆ ಶುರು ಮಾಡೋಕೆ ಮುಂಚೆ ಇಟಿಸಿ ಫೋಲ್ಡರಿನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿ ಸ್ಟ್ಯಾಂಡ್ ಮೇಲೆ ಇಡ್ತೀನಿ. ಹೋದ ಸಲ ಹೆಂಡತಿ ಅದನ್ನು ನೋಡಿ, ಇವತ್ತು ಜಗತ್ತು ಕಟ್ತೀಯಾ ಅಂತ ಕೇಳಿದಳು. ಹೂಂ ಅಂದೆ. ಹಾಗಾದ್ರೆ ಜೊತೆಗೆ ಅಕ್ಕೀನೂ ನೆನೆಹಾಕು ಅಂದಳು.