ಹದಿಮೂರು ಸೆಕೆಂಡಿನ ಓಟ, ಎರಡು ಹಗಲಿನ ಕಾಯುವಿಕೆ

ಕಂಬಳದ ಓಟ ನೋಡುನೋಡುತ್ತಲೇ ಮುಗಿಯುತ್ತದೆ. ಕಂಬಳ ಮಾತ್ರ ಮುಗಿಯುವುದಿಲ್ಲ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಮೂಡುಬಿದಿರೆ ಸಮೀಪದ ಶ್ರೀನಿವಾಸ ಗೌಡರು 142.5 ಮೀಟರ್ ಕ್ರಮಿಸಿದ್ದು 13.62 ಸೆಕೆಂಡುಗಳಲ್ಲಿ. ಇನ್ನೂರು ಓಟಗಳಿಗೆ ತಲಾ 15 ಸೆಕೆಂಡು ಎಂದು ಹಿಡಿದರೂ ಒಟ್ಟು 50 ನಿಮಿಷ. ಆದರೆ 24 ಗಂಟೆಯೊಳಗೆ ಕೂಟ ಮುಗಿಸಬೇಕೆಂಬ ಜಿಲ್ಲಾ ಕಂಬಳ ಸಮಿತಿಯ ಆಶಯ ಹಲವು ಬಾರಿ ಕೈಗೂಡಿಲ್ಲ.

ಸಮಯ ಸೋರುವುದು ಕರೆಯಲ್ಲಲ್ಲ, ಓಟ ಆರಂಭವಾಗುವ ಗಂತಿನಲ್ಲಿ. ಎರಡೂ ಜೋಡಿಗಳು ಸರಿಸಮ ನಿಲ್ಲದೆ ಬಿಡುವಂತಿಲ್ಲ. ಎದುರಾಳಿಯ ಕೋಣ ನಿಂತು ದಣಿಯಲಿ ಎಂಬ ಜಾಣತನವೂ ಇಲ್ಲದಿಲ್ಲ. ಮಂಜೊಟ್ಟಿಗೆ ಲೇಸರ್ ಕಿರಣ ತಂದ ಕಟ್ಟುನಿಟ್ಟು ಗಂತಿಗೂ ಬರಬೇಕು.

ಇಷ್ಟಾದರೂ ಅವವೇ ಕೋಣಗಳನ್ನು ನೋಡಲು ಜನ ಮತ್ತೆ ಮತ್ತೆ ಸೇರುತ್ತಾರೆ. ಬಂಟ್ವಾಳದ ಕಕ್ಯಪದವು, ಬೆಳ್ತಂಗಡಿಯ ವೇಣೂರು, ಮೂಡುಬಿದಿರೆಯ ಕಡಲಕೆರೆ: ಒಂದೊಂದು ಕರೆಯ ಉದ್ದ, ಕೆಸರು ಬೇರೆ. ಅಲ್ಲಿ ಗೆದ್ದ ಜೋಡಿ ಇಲ್ಲಿ ಸೋಲುವುದುಂಟು. ಕನೆ ಹಲಗೆಯಲ್ಲಂತೂ ವೇಗಕ್ಕೆ ಬೆಲೆಯೇ ಇಲ್ಲ; ಚಿಮ್ಮಿದ ನೀರು ಎತ್ತರದ ನಿಶಾನೆ ಮುಟ್ಟಬೇಕು. ವಿಪರ್ಯಾಸವೆಂದರೆ, ಇಡೀ ರಾತ್ರಿ ಕಾದವರು ಮನೆ ಸೇರಿದ ಮೇಲೆ, ಮರುದಿನದ ಬಿಸಿಲಿನಲ್ಲಿ ಅಂತಿಮ ಓಟ ನಡೆಯುವುದಿದೆ.

ಆ ಬಿಸಿಲು ಕೋಣಗಳಿಗೂ ತಟ್ಟುತ್ತದೆ. 2017ರ ರಾಜ್ಯ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದದ್ದರಿಂದ ಕಂಬಳ ಉಳಿಯಿತು, ನಿಜ. ಆದರೆ ಪ್ರಾಣಿಗೆ ಅನಗತ್ಯ ನೋವಾಗಬಾರದೆಂಬ ಷರತ್ತು ಬೆತ್ತಕ್ಕಷ್ಟೇ ಸೀಮಿತವೇ? ಜೋಡಿಗಳ ಸಂಖ್ಯೆಗೆ ಮಿತಿ ಹಾಕುವುದು ಸುಲಭದ ಉತ್ತರ. ವರ್ಷವಿಡೀ ಕೋಣ ಸಾಕಿದ ಯಜಮಾನನನ್ನು ಗದ್ದೆಯ ಬಾಗಿಲಲ್ಲಿ ಹಿಂದಕ್ಕೆ ಕಳುಹಿಸಲು ಯಾವ ಊರಿನ ಸಮಿತಿಗೂ ಮನಸ್ಸು ಬಾರದು.