ಎದೆಯೊಳಗಿನ ಗೋಡೆ

“ತಾತಾ, ಕಥೆಯಲ್ಲಿ ರಾಜ ಎದೆಯೊಡೆದು ಸತ್ತ ಅಂತಿದೆ. ನಿಜಕ್ಕೂ ಎದೆ ಒಡೆಯುತ್ತಾ?” ಎಂದು ವಿಜಯನಗರದ ಪುಟಾಣಿಯೊಬ್ಬಳು ಕೇಳಿದ್ದಾಳೆ. ಅಪರೂಪಕ್ಕೆ ಒಡೆಯುತ್ತದೆ ಪುಟ್ಟಿ, ದುಃಖಕ್ಕಲ್ಲ, ರಕ್ತ ಸಿಗದೆ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಹೃದಯಾಘಾತ. ನಾಳ ಬೇಗ ತೆರೆಯದಿದ್ದರೆ ಆ ಭಾಗ ಸತ್ತು, ಮಳೆಗೆ ನೆನೆದ ಮಣ್ಣಿನ ಗೋಡೆಯಂತೆ ಮೆತ್ತಗಾಗುತ್ತದೆ. ಹೃದಯವೋ ಬಡಿಯುತ್ತಲೇ ಇರಬೇಕು! ಗೋಡೆ ಹರಿಯುವುದು ಸಾಮಾನ್ಯವಾಗಿ ಮೊದಲ ವಾರದೊಳಗೆ, ಗಂಡಾಂತರ ಕಳೆಯಿತೆಂದು ನೆಂಟರು ಹಣ್ಣು ಹಿಡಿದು ಬರುವ ಹೊತ್ತಿಗೆ.

ಕೆಳಗಿನ ಎರಡು ಕೋಣೆಗಳ ನಡುವೆ ಹರಿದರೆ ಎಡಗಡೆಯ ರಕ್ತ ಬಲಕ್ಕೆ ನುಗ್ಗುತ್ತದೆ. ಏದುಸಿರು, ರಕ್ತದೊತ್ತಡದ ಕುಸಿತ. ನಿನ್ನೆ ಇಲ್ಲದ ಒರಟು ಸದ್ದು ಇಂದು ಸ್ಟೆತಾಸ್ಕೋಪಿಗೆ ಕೇಳುತ್ತದೆ. ಎದೆಯ ಮೇಲಿಟ್ಟ ಅಂಗೈಗೂ ಕಂಪನ ತಾಗಬಹುದು. ಎಕೋ ಪರೀಕ್ಷೆಯಲ್ಲಿ ತೂತೂ ಕಾಣುತ್ತದೆ, ರಕ್ತದ ಓಟ ಬಣ್ಣದಲ್ಲಿ ಕಾಣುತ್ತದೆ. ಹೊರಗೋಡೆಯೇ ಹರಿದರೆ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಹೃದಯವನ್ನು ಹಿಚುಕುತ್ತದೆ; ಆಗ ಉಳಿಯುವುದು ನಿಮಿಷಗಳ ಲೆಕ್ಕ.

ನಾಳ ಬೇಗ ತೆರೆಯುವ ಚಿಕಿತ್ಸೆ ಬಂದ ಮೇಲೆ ನಡುಗೋಡೆ ಹರಿಯುವುದು 100 ಹೃದಯಾಘಾತಗಳಲ್ಲಿ ಒಂದಕ್ಕಿಂತ ಕಡಿಮೆ. ವಯಸ್ಸಾದವರಲ್ಲಿ, ತಡವಾಗಿ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚು. ರಾಜಾಜಿನಗರದ ಪಾರ್ಕಿನ ನನ್ನ ಗೆಳೆಯರೋ, ಎದೆ ಹಿಂಡಿದರೆ ‘ಗ್ಯಾಸು’ ಎಂದು ಸೋಡಾ ಹುಡುಕುವವರು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತ. ಮಕ್ಕಳೇ, ಅಜ್ಜ ಸೋಡಾ ಕೇಳಿದರೆ 108ಕ್ಕೆ ಫೋನ್ ಮಾಡಿ.