ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದಡಿಯಲ್ಲಿ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ ಕೊರೆಸಲು ರಾಜ್ಯ ಸರಕಾರ 2025ರಲ್ಲಿ ಟೆಂಡರು ಕರೆಯಿತು. ಅಂದಾಜು ವೆಚ್ಚ ಸುಮಾರು 17,700 ಕೋಟಿ ರೂಪಾಯಿ. ಆ ವರ್ಷದ ಕೊನೆಯಲ್ಲಿ ಬಸವನಗುಡಿಯ ಮಗ್ಗುಲಿನ ಲಾಲ್‌ಬಾಗಿನಲ್ಲಿ ನಾಗರಿಕರು ನೆರೆದು ಈ ಸುರಂಗ ಬೇಡವೆಂದರು. ತೋಟದ ನೆಲಕ್ಕೂ ಅಲ್ಲಿನ ಪುರಾತನ ಬಂಡೆಗೂ ಧಕ್ಕೆಯಾದೀತೆಂಬ ಭಯ ಒಂದು ಕಡೆ. ಇಷ್ಟು ಹಣವನ್ನು ಯಾರಿಗಾಗಿ ಸುರಿಯುತ್ತೀರಿ ಎಂಬ ಪ್ರಶ್ನೆ ಇನ್ನೊಂದು ಕಡೆ. ಈ ಎರಡನೆಯ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ.

ರಾಜಧಾನಿಯವರ ಜಗಳ ನಮಗೇಕೆ ಎಂದು ಜಿಲ್ಲೆಯ ನಮ್ಮ ಓದುಗರು ಕೇಳಬಹುದು. ಬೊಕ್ಕಸ ಬೆಂಗಳೂರಿನವರ ಸ್ವಂತ ಆಸ್ತಿಯಲ್ಲ. ಗಿರಣಿ ಕೆಲಸಗಾರ ಕೊಳ್ಳುವ ಅಂಗಿಬಟ್ಟೆಯ ಮೇಲೆ, ಚಿಲ್ಲರೆ ವ್ಯಾಪಾರಿ ತರಿಸುವ ಸರಕಿನ ಮೇಲೆ ತೆರಿಗೆ ಇದ್ದೇ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸರಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲನ್ನು ಲೀಟರಿಗೆ 3 ರೂಪಾಯಿ ತುಟ್ಟಿ ಮಾಡಿತು. 2025ರ ಜನವರಿಯಲ್ಲಿ ಸರಕಾರಿ ಬಸ್ಸಿನ ದರವನ್ನು ನೂರಕ್ಕೆ 15ರಷ್ಟು ಹೆಚ್ಚಿಸಿತು. ನಷ್ಟ ತುಂಬಲು ಬೇರೆ ದಾರಿಯಿಲ್ಲವೆಂದು ಆಗ ಹೇಳಲಾಯಿತು. ಬಸ್ಸಿಗೆ ಹಣವಿಲ್ಲದ ವರ್ಷದಲ್ಲೇ ಸುರಂಗಕ್ಕೆ ಹಣ ಹುಟ್ಟಿದ್ದು ಎಲ್ಲಿಂದ?

ಇಂತಹ ಪ್ರಶ್ನೆಯನ್ನು ಬೆಂಗಳೂರಿನ ಜನ ಕೇಳಿದ್ದು ಇದೇ ಮೊದಲಲ್ಲ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲುಸೇತುವೆ ಕಟ್ಟಲು ಸರಕಾರ ಹೊರಟಿತು. ಮೊದಲು 1,350 ಕೋಟಿ ಎಂದಿದ್ದ ವೆಚ್ಚ ನೋಡನೋಡುತ್ತಲೇ 1,791 ಕೋಟಿಗೆ ಏರಿತು. 812 ಮರಗಳಿಗೆ ಕೊಡಲಿ ಕಾದಿತ್ತು. ಆ ವರ್ಷ ಅಕ್ಟೋಬರ್ 16ರಂದು ಸಾವಿರಾರು ಜನ ಆ ರಸ್ತೆಯ ಬದಿಯಲ್ಲಿ ಕೈಗೆ ಕೈ ಜೋಡಿಸಿ ಮಾನವ ಸರಪಳಿಯಾಗಿ ನಿಂತರು. ಕಲ್ಲು ತೂರಲಿಲ್ಲ, ಬಸ್ಸು ಸುಡಲಿಲ್ಲ. 'ಬೇಡ' ಎಂಬ ಒಂದೇ ಮಾತು ಅವರ ಕೈಯ ಹಲಗೆಗಳ ಮೇಲಿತ್ತು. ಅದೇ ತಿಂಗಳು ಹಸಿರು ನ್ಯಾಯಮಂಡಳಿ ಕೆಲಸಕ್ಕೆ ತಡೆ ಹಾಕಿತು. 2017ರ ಮಾರ್ಚ್ 2ರಂದು ಸರಕಾರ ಯೋಜನೆಯನ್ನೇ ಕೈಬಿಟ್ಟಿತು. ಒಗ್ಗಟ್ಟಾಗಿ ಲೆಕ್ಕ ಕೇಳಿದರೆ ಅಧಿಕಾರ ಮಣಿಯುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಸೇತುವೆಯ ಆಸೆ ಸಾಯಲಿಲ್ಲ. 2018ರಲ್ಲಿ ಬಂದ ಸಮ್ಮಿಶ್ರ ಸರಕಾರ ಅದೇ ಉಕ್ಕಿನ ಸೇತುವೆಯ ಮಾತನ್ನು ಮತ್ತೆ ಎತ್ತಿತು. ಆಮೇಲೆ ಬೇರೊಂದು ಪಕ್ಷದ ಆಡಳಿತದಲ್ಲಿ ಮಲ್ಲೇಶ್ವರದ ಸ್ಯಾಂಕಿ ಕೆರೆಯ ಪಕ್ಕದ ರಸ್ತೆಗೆ ಮೇಲುಸೇತುವೆಯ ಯೋಜನೆ ಬಂತು. 2023ರ ಫೆಬ್ರವರಿಯಲ್ಲಿ ಅಲ್ಲಿನ ನಿವಾಸಿಗಳು ಮೆರವಣಿಗೆ ಹೊರಟಾಗ ಅವರ ಮೇಲೆ ಪೊಲೀಸರು ಮೊಕದ್ದಮೆ ಹೂಡಿದರು. ಇನ್ನೂ ಆಮೇಲೆ ಸುರಂಗ. ಗಾದಿಯ ಮೇಲೆ ಕುಳಿತವರ ಬಾವುಟದ ಬಣ್ಣ ಬದಲಾಯಿತೇ ಹೊರತು ಖರ್ಚಿನ ಚಪಲ ಬದಲಾಗಲಿಲ್ಲ. ವಿರೋಧದ ಬೆಂಚಿನಲ್ಲಿ ಕುಳಿತಾಗ ದುಂದುವೆಚ್ಚವೆಂದು ಕೂಗಿದವರು ಮಂತ್ರಿಯಾದೊಡನೆ ಗುದ್ದಲಿ ಪೂಜೆಗೆ ಮುಹೂರ್ತ ಹುಡುಕುತ್ತಾರೆ.

ಈಗ ಅಂಗಡಿಯ ಕಿರ್ದಿ ಬರೆಯುವಂತೆ ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನ ಸುತ್ತ 148 ಕಿಲೋಮೀಟರ್ ಉಪನಗರ ರೈಲಿಗೆ 2020ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಾಗ ಅಂದಾಜು 15,767 ಕೋಟಿ ರೂಪಾಯಿ. ಅಂದರೆ ಕಿಲೋಮೀಟರಿಗೆ ಸುಮಾರು 107 ಕೋಟಿ. ಸುರಂಗ ರಸ್ತೆಗೆ ಕಿಲೋಮೀಟರಿಗೆ 1,000 ಕೋಟಿಗೂ ಮೇಲು. ಇಡೀ ರೈಲು ಜಾಲಕ್ಕಿಂತ ಈ ಒಂದು ಬಿಲ ತುಟ್ಟಿ! ರೈಲು ಕೂಲಿಕಾರನನ್ನೂ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನೂ ಹೊರುತ್ತದೆ. ಸುರಂಗದ ಯೋಜನಾ ವರದಿಯಲ್ಲಾದರೋ ಸ್ಕೂಟರಿಗೂ ಆಟೋಗೂ ಪ್ರವೇಶವಿಲ್ಲ. ಖಾಸಗಿ ಕಂಪನಿಯೂ ಬಂಡವಾಳ ಹೂಡುತ್ತದೆಂಬ ಸಮಾಧಾನ ಹೇಳುತ್ತಾರೆ. ಕಂಪನಿ ದಾನ ಮಾಡುವುದಿಲ್ಲ. ಸರಕಾರದ ಪಾಲನ್ನು ಮೊದಲು ಪಡೆದು, ತನ್ನ ಪಾಲನ್ನು ವರ್ಷಾನುಗಟ್ಟಲೆ ಸುಂಕವಾಗಿ ಎತ್ತಿಕೊಳ್ಳುತ್ತದೆ. ಕಾರಿಲ್ಲದವನು ತೆರಿಗೆ ಕಟ್ಟಬೇಕು, ಕಾರಿರುವವನು ಹಾಯಾಗಿ ಹೋಗಬೇಕು. ಇದು ಯಾವ ನ್ಯಾಯ? ಇತ್ತ ರೈಲಿನ ಗತಿ ನೋಡಿದರೆ, 2025 ಮುಗಿದರೂ ಆ 148 ಕಿಲೋಮೀಟರಿನಲ್ಲಿ ಒಂದು ಗಾಡಿಯೂ ಓಡಿರಲಿಲ್ಲ.

ರಸ್ತೆ ಹೆಚ್ಚಿಸಿದರೆ ದಟ್ಟಣೆ ತಗ್ಗುತ್ತದೆಂಬ ವಾದವೂ ನಿಲ್ಲುವುದಿಲ್ಲ. ಹೊಸ ರಸ್ತೆ ಹೊಸ ಕಾರುಗಳನ್ನು ಕರೆಯುತ್ತದೆ. ದಕ್ಷಿಣ ಕೊರಿಯದ ಸೋಲ್ ನಗರದವರು ತಾವೇ ಕಟ್ಟಿದ್ದ ಎತ್ತರದ ಹೆದ್ದಾರಿಯೊಂದನ್ನು 2003ರಲ್ಲಿ ಕೆಡವಲು ತೊಡಗಿ, ಅದರಡಿ ಹೂತುಹೋಗಿದ್ದ ಹೊಳೆಯನ್ನು 2005ರಲ್ಲಿ ಜನರಿಗೆ ಒಪ್ಪಿಸಿದರು. ಪರದೇಶದವರು ಬಿಟ್ಟ ದಾರಿಯನ್ನು ನಾವು ಸಾಲ ಮಾಡಿ ಹಿಡಿಯಬೇಕೆ?

ಇಷ್ಟು ದೊಡ್ಡ ಖರ್ಚನ್ನು ತೀರ್ಮಾನಿಸಿದವರು ಯಾರು? ಬೆಂಗಳೂರು ಮಹಾನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025 ಮುಗಿಯುವವರೆಗೂ ಚುನಾವಣೆ ನಡೆಯಲಿಲ್ಲ. ಚಾಮರಾಜಪೇಟೆಯ ವ್ಯಾಪಾರಿ ತನ್ನ ಬೀದಿಯ ಚರಂಡಿ ಕಟ್ಟಿಕೊಂಡರೆ ದೂರು ಹೇಳಲು ಒಬ್ಬ ಕೌನ್ಸಿಲರನೂ ಇರಲಿಲ್ಲ. ಸಾವಿರಾರು ಕೋಟಿಯ ಕಡತಕ್ಕೆ ಸಹಿ ಹಾಕಲು ಮಾತ್ರ ಅಧಿಕಾರಿಗಳಿಗೆ ಅಡ್ಡಿಯಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ದುಂದುವೆಚ್ಚದ ಮೂಲ ಇಲ್ಲಿದೆ. ಕೇಳುವವರಿಲ್ಲದ ಮನೆಯಲ್ಲಿ ಬೀಗದ ಕೈ ಯಾರ ಸೊಂಟದಲ್ಲಾದರೂ ಇರಬಹುದು.

ಪ್ರತಿಭಟನೆ ಮಾಡಿದವರು ಅನುಕೂಲಸ್ಥರು, ಮರಗಿಡದ ಶೋಕಿಯವರು ಎಂಬ ಕೊಂಕು ಮಾತೂ ಕೇಳಿಬಂದಿದೆ. ಅವರಲ್ಲಿ ಹಲವರು ಮಧ್ಯಮ ವರ್ಗದವರೆಂಬುದು ದಿಟ. ಆದರೆ ಅವರು 'ಬೇಡ' ಎಂದಷ್ಟಕ್ಕೇ ನಿಲ್ಲಲಿಲ್ಲ. 2016ರ ಡಿಸೆಂಬರಿನಲ್ಲೇ ಉಪನಗರ ರೈಲಿಗಾಗಿ 'ಚುಕುಬುಕು ಬೇಕು' ಎಂಬ ಚಳವಳಿ ನಡೆಯಿತು. ರೈಲು, ಬಸ್ಸು ಬೇಕಾಗಿರುವುದು ಎಲ್ಲರಿಗಿಂತ ಮೊದಲು ದುಡಿಯುವವನಿಗೆ. ಅವನೇ ಆ ಸರಪಳಿಯಲ್ಲಿ ಕಾಣದೆ ಹೋದರೆ ತಪ್ಪು ಮಲ್ಲೇಶ್ವರದವರದಲ್ಲ. ಅವನನ್ನು ಕರೆದು ತರಬೇಕಾದ ಕಾರ್ಮಿಕ ಸಂಘಗಳದು, ವರ್ತಕರ ಸಂಘಗಳದು. ಪಾಳಿ ಮುಗಿಸಿ ಬಸ್ಸಿಗಾಗಿ ಗಂಟೆಗಟ್ಟಲೆ ಕಾಯುವವನೂ ಸ್ಯಾಂಕಿ ಕೆರೆಯ ದಡದಲ್ಲಿ ನಡೆಯುವವನೂ ಒಟ್ಟಾಗುವ ದಿನ ಯಾವ ಮಂತ್ರಿಯೂ ಕೊಂಕು ಆಡಲಾರ.

1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಲೋಕಸಭೆಯಲ್ಲಿ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುವಾಗ ಪ್ರಧಾನಮಂತ್ರಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚೇಕೆ ಎಂದು ಕೇಳಿದರು. ಮೂರಾಣೆಯಲ್ಲ, ಹದಿನೈದಾಣೆ ಎಂದು ಸರಕಾರ ಲೆಕ್ಕ ಒಪ್ಪಿಸಬೇಕಾಯಿತು. ಅಂಕಿಯ ತಕರಾರು ಏನೇ ಇರಲಿ, ಬಡವನ ಆಣೆಯ ಪಕ್ಕದಲ್ಲಿಟ್ಟೇ ಸರಕಾರದ ಖರ್ಚನ್ನು ಅಳೆಯಬೇಕೆಂಬ ಪಾಠ ಅಂದೇ ಸಿಕ್ಕಿತು.

ಆದುದರಿಂದ ನಮ್ಮ ಒತ್ತಾಯ ಇಷ್ಟೇ. ಚುನಾಯಿತ ಸಭೆಯ ಮುಂದೆ ಚರ್ಚೆಯಾಗದೆ ಇಂತಹ ಯಾವ ಯೋಜನೆಗೂ ಟೆಂಡರು ಕರೆಯಬಾರದು. ಯೋಜನಾ ವರದಿ ಕನ್ನಡದಲ್ಲಿ ಅಚ್ಚಾಗಿ ಜನರ ಕೈಗೆ ಸಿಗಬೇಕು. ಬಸ್ಸಿಗೆ, ರೈಲಿಗೆ ಕೊಟ್ಟು ಮಿಕ್ಕರೆ ಮಾತ್ರ ಕಾರಿನ ರಸ್ತೆಯ ಮಾತು ಬರಬೇಕು. ಹಣ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ. ಆ ಹಕ್ಕನ್ನು ಚಲಾಯಿಸಿದ ಬೆಂಗಳೂರಿನ ನಾಗರಿಕರನ್ನು ನಾವು ಅಭಿನಂದಿಸುತ್ತೇವೆ. ಮುಂದಿನ ಸರಪಳಿಯಲ್ಲಿ ನಮ್ಮ ಜಿಲ್ಲೆಯ ಕೈಗಳೂ ಸೇರಲಿ.